‘ಹೇಗೆ ಗೊತ್ತು ಸಾರ್?’ ಇತಿಹಾಸದ ಪಾಠಕ್ಕೆ ಯಾವ ವಿಧಾನ ಆರಿಸುವುದು

ಗೌರಿಬಿದನೂರು ಕಡೆಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿದುರಾಶ್ವತ್ಥದ ಕಥೆ ಹೇಳುತ್ತಿದ್ದೆ. 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನ, ಅವರ ಮೇಲೆ ಪೊಲೀಸರ ಗುಂಡು. ಬೋರ್ಡಿನ ಮೇಲೆ ‘ಮಡಿದವರು 32’ ಎಂದು ಬರೆದೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತಳು. ‘ಸಾರ್, ನಮ್ಮ ತಾತ ಇನ್ನೂ ಜಾಸ್ತಿ ಜನ ಅಂತಾರೆ. 32 ಅಂತ ಹೇಗೆ ಗೊತ್ತು?’

ಬೆಲ್ ಹೊಡೆಯಲು ಐದು ನಿಮಿಷ ಇತ್ತು. ‘ಹಾಗೇ ಬರೆದಿದ್ದಾರಮ್ಮ, ಬರ್ಕೋ’ ಎಂದು ಮುಂದೆ ಹೋದೆ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇಡೀ ವರ್ಷ ಆ ತರಗತಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ. ಇತಿಹಾಸ ಶುರುವಾಗುವುದೇ ಅಲ್ಲಿಂದ. ಜೀವನಪೂರ್ತಿ ಮಕ್ಕಳಿಗೆ ‘ಪ್ರಶ್ನೆ ಕೇಳಿ’ ಎಂದು ಹೇಳಿದ ಡಾ. ಎಚ್. ನರಸಿಂಹಯ್ಯನವರು ಅದೇ ತಾಲ್ಲೂಕಿನ ಹೊಸೂರಿನವರು. ಅಂಥ ಊರಿನಲ್ಲಿ ಒಂದು ಮಗು ಕೇಳಿದ ಪ್ರಶ್ನೆಯನ್ನು ನಾನು ಕೂರಿಸಿಬಿಟ್ಟಿದ್ದೆ.

ಅವತ್ತಿನಿಂದ ಬೇರೆ ಬೇರೆ ವಿಧಾನ ಮಾಡಿ ನೋಡುತ್ತಾ ಬಂದಿದ್ದೇನೆ. ಈ ವರ್ಷ ಮೂವರು ಶಿಕ್ಷಕರು ನನ್ನನ್ನು ಒಂದೇ ಮಾತು ಕೇಳಿದರು. ಒಬ್ಬರು ಶಿಡ್ಲಘಟ್ಟ ಕಡೆಯ ಸರ್ಕಾರಿ ಪ್ರೌಢಶಾಲೆಯವರು. ಹತ್ತನೇ ತರಗತಿಯ ಒಂದೇ ಕೋಣೆಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು. ಇನ್ನೊಬ್ಬ ಮೇಡಂ ಪಾವಗಡ ಕಡೆ ಎಂಟನೇ ತರಗತಿ ನೋಡಿಕೊಳ್ಳುತ್ತಾರೆ. ಇಪ್ಪತ್ತು ಚಿಲ್ಲರೆ ಮಕ್ಕಳು, ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ಮೂರನೆಯವರು ಕೋಲಾರದ ಖಾಸಗಿ ಶಾಲೆಯಲ್ಲಿ ಇದ್ದಾರೆ. ಸ್ಮಾರ್ಟ್ ಬೋರ್ಡ್ ಇದೆ, ಪ್ರಿಂಟರ್ ಇದೆ. ಆದರೆ ಅಪ್ಪ ಅಮ್ಮ ಬಂದರೆ ಕೇಳುವುದು ಅಂಕವನ್ನು ಮಾತ್ರ. ಮೂವರ ಪ್ರಶ್ನೆಯೂ ಒಂದೇ. ತರಬೇತಿಗೆ ಹೋದರೆ ಚರ್ಚೆ, ನಾಟಕ, ಪ್ರಾಜೆಕ್ಟು, ಗುಂಪು ಕೆಲಸ ಎಂದು ಹತ್ತು ದಾರಿ ತೋರಿಸುತ್ತಾರೆ. ಮಕ್ಕಳು ನಿಜವಾಗಿ ಯೋಚನೆ ಮಾಡುವುದು ಯಾವುದರಲ್ಲಿ?

ಏನು ನೋಡಿ ಆರಿಸಬೇಕು

ಮೊದಲು ಅಳತೆಗೋಲು ಗಟ್ಟಿ ಮಾಡಿಕೊಳ್ಳೋಣ. ಇಲ್ಲದಿದ್ದರೆ ಯಾವ ವಿಧಾನದಲ್ಲಿ ಗದ್ದಲ ಜಾಸ್ತಿಯೋ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮಕ್ಕಳು ಓಡಾಡಿದರು, ನಕ್ಕರು, ಚಾರ್ಟ್ ಅಂಟಿಸಿದರು. ಅಷ್ಟಕ್ಕೆ ಯೋಚನೆ ಮಾಡಿದರು ಎಂದು ಹೇಳಲು ಆಗುವುದಿಲ್ಲ.

ನಾನು ಮೊದಲು ಕೇಳಿಕೊಳ್ಳುವುದು ಇದು: ಈ ನಲವತ್ತು ನಿಮಿಷದಲ್ಲಿ ಮಗುವಿನ ತಲೆ ಏನು ಕೆಲಸ ಮಾಡಿತು? ನೆನಪು ಮಾಡಿಕೊಂಡಿತಾ, ಇಲ್ಲ ಹೋಲಿಸಿತಾ, ಕಾರಣ ಹುಡುಕಿತಾ, ಯಾರ ಮಾತು ನಂಬಬೇಕು ಎಂದು ತೂಗಿತಾ? ನಾವೆಲ್ಲ ಬಿ.ಇಡ್.ನಲ್ಲಿ ಓದಿದ ಬೆಂಜಮಿನ್ ಬ್ಲೂಮ್ 1956ರಲ್ಲೇ ಈ ಮೆಟ್ಟಿಲುಗಳನ್ನು ಹೇಳಿದ್ದರು. ನೆನಪು ಕೆಳಗಿನ ಮೆಟ್ಟಿಲು. ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದಾಗಿ ಕಟ್ಟುವುದು ಮೇಲಿನವು. ಕೆಳಗಿನ ಮೆಟ್ಟಿಲು ಬೇಡ ಅಂತಲ್ಲ. ಇಸವಿ, ಹೆಸರು ಗೊತ್ತಿಲ್ಲದ ಮಗು ಯಾವುದರ ಬಗ್ಗೆ ಯೋಚನೆ ಮಾಡುತ್ತದೆ?

ಎರಡನೆಯದು ಪೀರಿಯಡ್. ಮೂರನೆಯದು ನಮ್ಮ ತಯಾರಿ. ಭಾನುವಾರ ಇಡೀ ದಿನ ಕೂತು ತಯಾರಿ ಮಾಡಬೇಕಾದ ವಿಧಾನ ಜೂನ್‌ನಲ್ಲಿ ಒಂದು ಸಲ ನಡೆಯುತ್ತದೆ, ಜುಲೈಗೆ ನಿಲ್ಲುತ್ತದೆ. ನಾಲ್ಕನೆಯದು ದುಡ್ಡು. ಐದನೆಯದು ನನಗೆ ಬಹಳ ಮುಖ್ಯ: ಬಾಯಿ ಬಿಡದ ಮಗುವಿಗೂ ಇದರಲ್ಲಿ ಜಾಗ ಇದೆಯಾ? ಕೊನೆಯದಾಗಿ ಪರೀಕ್ಷೆ. ಅದನ್ನು ಮರೆತು ಮಾತಾಡುವುದು ಸುಳ್ಳಾಗುತ್ತದೆ.

ಪ್ರಶ್ನೆ ಬದಲಿಸುವುದು: ಖರ್ಚಿಲ್ಲದ ದಾರಿ

ಪಾಠ ಅದೇ, ಬೋರ್ಡು ಅದೇ. ಕೇಳುವ ಪ್ರಶ್ನೆ ಮಾತ್ರ ಬೇರೆ. ‘ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಬಂದಿದ್ದು ಯಾವಾಗ?’ ಎಂದು ಕೇಳಿದರೆ ‘1902’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯಿತು. ‘ಬೆಂಗಳೂರಿನ ಬೀದಿಗೆ ಕರೆಂಟ್ ಬಂದಿದ್ದು 1905ರಲ್ಲಿ. ಅದಕ್ಕಿಂತ ಮೂರು ವರ್ಷ ಮೊದಲೇ ಕೋಲಾರದ ಗಣಿಗೆ ಯಾಕೆ ಬಂತು?’ ಎಂದು ಕೇಳಿ ನೋಡಿ. ಗಣಿ ಯಾರದು, ಚಿನ್ನ ಎಲ್ಲಿಗೆ ಹೋಗುತ್ತಿತ್ತು, ಸಂಸ್ಥಾನಕ್ಕೆ ಏನು ಲಾಭ, ತಂತಿ ಹಾದುಹೋದ ಹಳ್ಳಿಗಳಿಗೆ ಏನು ಸಿಕ್ಕಿತು ಎಂದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಮೇರಿ ಬಡ್ ರೋ ಎಂಬುವರು ಎಷ್ಟೋ ತರಗತಿಗಳನ್ನು ಗಮನಿಸಿ ಕಂಡುಕೊಂಡ ಸಂಗತಿ ಇದು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡ್ ಕೇಳಲು ಸಣ್ಣದು. ತರಗತಿಯಲ್ಲಿ ನಿಂತಾಗ ಬಹಳ ಉದ್ದ ಅನ್ನಿಸುತ್ತದೆ. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಆಮೇಲೆ ‘ಪಕ್ಕದವರ ಹತ್ತಿರ ಒಂದು ನಿಮಿಷ ಮಾತಾಡಿ’ ಎನ್ನುತ್ತೇನೆ. ಒಬ್ಬೊಬ್ಬರೇ ಎದ್ದು ಹೇಳಲು ಹೆದರುವ ಮಕ್ಕಳು ‘ನಾವಿಬ್ಬರೂ ಅಂದುಕೊಂಡಿದ್ದು’ ಎಂದು ಶುರು ಮಾಡುತ್ತಾರೆ. ಆ ‘ನಾವಿಬ್ಬರೂ’ ಅನ್ನುವುದರಲ್ಲಿ ಎಷ್ಟು ಧೈರ್ಯ ಇದೆ ನೋಡಿ.

ಇದರ ಕೊರತೆ ಏನೆಂದರೆ, ಪ್ರಶ್ನೆ ಇನ್ನೂ ನಮ್ಮ ಕೈಯಲ್ಲೇ ಇದೆ. ಮಗು ಉತ್ತರ ಹುಡುಕುವುದನ್ನು ಕಲಿಯುತ್ತದೆ, ತಾನೇ ಪ್ರಶ್ನೆ ಹುಟ್ಟಿಸುವುದನ್ನು ಅಷ್ಟಾಗಿ ಕಲಿಯುವುದಿಲ್ಲ. ಆದರೂ ಅರವತ್ತು ಮಕ್ಕಳ ಕೋಣೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಆಧಾರ ಓದಿಸುವುದು: ನನ್ನ ಮೊದಲ ಆಯ್ಕೆ

ಎಂಟನೇ ತರಗತಿಯಲ್ಲಿ ‘ಆಧಾರಗಳು’ ಎಂಬ ಪಾಠ ಇದೆ. ಸಾಹಿತ್ಯ ಆಧಾರ, ಪುರಾತತ್ವ ಆಧಾರ ಎಂದು ವಿಂಗಡಿಸಿ ಬರೆಸುತ್ತೇವೆ. ಆಮೇಲೆ ಹತ್ತನೇ ತರಗತಿ ಮುಗಿಯುವವರೆಗೂ ಒಂದು ಆಧಾರವನ್ನೂ ಮಗುವಿನ ಕೈಗೆ ಕೊಡುವುದಿಲ್ಲ. ಈಜು ಅಂದರೆ ಏನು ಎಂದು ಬರೆಸಿ ಕೆರೆ ತೋರಿಸದ ಹಾಗೆ.

1991ರಲ್ಲಿ ಸ್ಯಾಮ್ ವೈನ್‌ಬರ್ಗ್ ಎಂಬ ಸಂಶೋಧಕರು ಇತಿಹಾಸಕಾರರಿಗೂ ಚುರುಕಾದ ಹೈಸ್ಕೂಲ್ ಮಕ್ಕಳಿಗೂ ಒಂದೇ ದಾಖಲೆಗಳನ್ನು ಕೊಟ್ಟು ಓದಿಸಿದರು. ಮಕ್ಕಳು ಮೊದಲ ಸಾಲಿನಿಂದ ಓದಿಕೊಂಡು ಹೋದರು. ಇತಿಹಾಸಕಾರರು ಮೊದಲು ಕೆಳಗೆ ನೋಡಿದರು: ಇದನ್ನು ಬರೆದವರು ಯಾರು, ಯಾವಾಗ, ಯಾಕೆ? ಆಮೇಲೆ ಒಂದನ್ನು ಇನ್ನೊಂದರ ಜೊತೆ ಇಟ್ಟು ನೋಡಿದರು. ಅಷ್ಟೇ ವ್ಯತ್ಯಾಸ. ಅದನ್ನು ಹದಿಮೂರು ವರ್ಷದ ಮಗುವಿಗೂ ಕಲಿಸಬಹುದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಏನೂ ಬರವಿಲ್ಲ. ಎಷ್ಟೋ ಊರಿನ ಬಯಲಿನಲ್ಲೋ ಗುಡಿಯ ಹಿಂದೆಯೋ ಒಂದು ವೀರಗಲ್ಲು ಇರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಸಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆಳಗೆ ಹಸುಗಳಿದ್ದರೆ ಅದು ತುರುಗೋಳು, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು. ಆಮೇಲೆ ಪ್ರಶ್ನೆ: ಈ ಕಲ್ಲು ಕಡೆಸಿದವರು ಯಾರು? ಅವರಿಗೆ ಅವನು ಏನಾಗಬೇಕು? ಸೋತವರ ಕಡೆಯೂ ಸತ್ತವರು ಇದ್ದರಲ್ವಾ, ಅವರ ಕಲ್ಲು ಎಲ್ಲಿ?

ಬರೆದ ಶಾಸನ ಬೇಕು ಅನ್ನುವವರಿಗೆ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹ ಇದೆ. ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಹನ್ನೆರಡನೆಯದು ತುಮಕೂರಿನದು, 1904. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ, ಹಾಗಾಗಿ ಅಲ್ಲಿಯವರು ಕೋಲಾರದ ಸಂಪುಟದಲ್ಲಿ ಹುಡುಕಬೇಕು. ತಾಲ್ಲೂಕುವಾರು ಜೋಡಿಸಿದ್ದಾರೆ, ಶಾಸನದ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಊರಿನ ಹೆಸರು ಅಲ್ಲಿ ಸಿಕ್ಕ ದಿನ ಮಕ್ಕಳ ಮುಖ ನೋಡಬೇಕು.

ತುಮಕೂರಿನವರಿಗೆ ಒಂದು ಒಳ್ಳೆಯ ಪಾಠ ಕೈದಾಳದಲ್ಲಿದೆ. ಜಕಣಾಚಾರಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಮಗ ಬೇಲೂರಿನ ವಿಗ್ರಹದಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಬಂದಿದ್ದು, ತಂದೆ ಕೈ ಕತ್ತರಿಸಿಕೊಂಡಿದ್ದು, ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದಿದ್ದು. ಈಗ ಇನ್ನೊಂದು ಕಡೆಯ ಮಾತು ಮುಂದಿಡಿ. ಬೇಲೂರಿನ ಶಿಲ್ಪಗಳ ಕೆಳಗೆ ಸಹಿ ಹಾಕಿರುವವರಲ್ಲಿ ಬಳ್ಳಿಗಾವಿಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಜಕಣಾಚಾರಿಯ ಸಹಿ ಇಲ್ಲ. ಕೈದಾಳದ ಗುಡಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಗುಳೆ ಬಾಚಿ, 1150ರ ಸುಮಾರಿಗೆ. ಹಾಗಾದರೆ ಕಥೆ ಸುಳ್ಳಾ? ಮಕ್ಕಳನ್ನು ಇಲ್ಲಿ ಅವಸರ ಮಾಡಿಸಬೇಡಿ. ಕಟ್ಟಿಸಿದವನೂ ಕೆತ್ತಿದವನೂ ಬೇರೆ ಅಲ್ವಾ ಎಂದು ಯಾರಾದರೂ ಕೇಳುತ್ತಾರೆ. ಊರವರು ಇಷ್ಟು ಕಾಲ ಈ ಕಥೆಯನ್ನು ಯಾಕೆ ಉಳಿಸಿಕೊಂಡರು ಎಂದು ಇನ್ಯಾರೋ ಕೇಳುತ್ತಾರೆ. ಕಥೆ ಏನು ಹೇಳುತ್ತದೆ, ಶಾಸನ ಏನು ಹೇಳುತ್ತದೆ ಎಂದು ಬೇರೆ ಮಾಡಿ ನೋಡುವುದನ್ನು ಕಲಿತರೆ ಆ ಮಗು ಮೊಬೈಲಿನಲ್ಲಿ ಬರುವ ಫಾರ್ವರ್ಡ್‌ಗಳನ್ನೂ ಹಾಗೇ ನೋಡುತ್ತದೆ.

ವಿದುರಾಶ್ವತ್ಥದ ಪಾಠವನ್ನು ಮುಂದಿನ ವರ್ಷ ಹೀಗೇ ಮಾಡಿದೆ. ಸರ್ಕಾರ ಆಗ ಹೇಳಿದ ಸಂಖ್ಯೆ ಚಿಕ್ಕದು. ಚಳವಳಿಯವರು, ಊರವರು ಹೇಳಿದ್ದು ದೊಡ್ಡದು. ಎರಡನ್ನೂ ಬೋರ್ಡಿನ ಮೇಲೆ ಬರೆದು ‘ಎಣಿಸಿದವರು ಯಾರು?’ ಎಂದು ಮಾತ್ರ ಕೇಳಿದೆ. ಒಬ್ಬ ಹುಡುಗ, ‘ಗಾಯ ಆಗಿ ಮನೆಗೆ ಹೋಗಿ ಆಮೇಲೆ ಸತ್ತವರನ್ನು ಯಾರು ಲೆಕ್ಕ ಹಾಕಿದರು ಸಾರ್?’ ಎಂದ. ಇನ್ನೊಬ್ಬಳು, ‘ಪೊಲೀಸರ ಭಯಕ್ಕೆ ಎಷ್ಟೋ ಮನೆಯವರು ಹೇಳಿಕೊಂಡೇ ಇರಲ್ಲ’ ಎಂದಳು. ಆಮೇಲೆ ಸರ್ದಾರ್ ಪಟೇಲರು ಮೈಸೂರಿಗೆ ಬಂದಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಆಗಿ ಕಾಂಗ್ರೆಸ್ ಬಾವುಟ ಸಂಸ್ಥಾನದ ಬಾವುಟದ ಜೊತೆ ಹಾರಲು ಅವಕಾಶ ಸಿಕ್ಕಿದ್ದು, ಎಲ್ಲವೂ ಆ ಸಾವುಗಳ ಮುಂದುವರಿಕೆಯಾಗಿ ಅವರಿಗೆ ಕಂಡಿತು. ಒಂದು ಪೀರಿಯಡ್ ಸಾಲಲಿಲ್ಲ, ಎರಡು ಹಿಡಿಯಿತು.

ತಯಾರಿ ಜಾಸ್ತಿ ಬೇಕು, ಅದು ನಿಜ. ಒಂದು ಆಧಾರ ಹುಡುಕಿ, ಹತ್ತು ಸಾಲಿಗೆ ಇಳಿಸಿ, ಕಷ್ಟದ ಪದಕ್ಕೆ ಅರ್ಥ ಬರೆಯಲು ನನಗೆ ಒಂದು ಸಂಜೆ ಬೇಕು. ಆದರೆ ಒಮ್ಮೆ ಮಾಡಿಟ್ಟರೆ ಪ್ರತಿ ವರ್ಷ ಬರುತ್ತದೆ. ಎಲ್ಲ ಮಕ್ಕಳಿಗೂ ಜೆರಾಕ್ಸ್ ಬೇಡ, ಐದು ಮಕ್ಕಳಿಗೆ ಒಂದು ಸಾಕು. ಅದೂ ಆಗದಿದ್ದರೆ ಬೋರ್ಡಿನ ಮೇಲೆ ಬರೆಯಿರಿ. ಓದು ಹಿಂದುಳಿದ ಮಕ್ಕಳಿಗೆ ಬರಹಕ್ಕಿಂತ ಚಿತ್ರ, ಕಲ್ಲು, ನಾಣ್ಯ ಒಳ್ಳೆಯದು. ಎಷ್ಟೋ ಸಲ ಅಕ್ಷರ ತಡವರಿಸುವ ಮಗುವೇ ಕಲ್ಲಿನಲ್ಲಿ ಮೊದಲು ಏನನ್ನೋ ಕಾಣುತ್ತದೆ.

ಕಾರಣದ ಚೀಟಿ

ಇದು ಒಂದೇ ಪೀರಿಯಡ್‌ನಲ್ಲಿ ಮುಗಿಯುತ್ತದೆ, ಹಳೇ ನೋಟ್‌ಬುಕ್ಕಿನ ಹಾಳೆ ಸಾಕು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ತಗೊಂಡರು. ಯಾಕೆ? ಒಂದೊಂದು ಚೀಟಿಯಲ್ಲಿ ಒಂದೊಂದು ಕಾರಣ: ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಟ್ಟಬೇಕಾಗಿದ್ದು, 1811ರಲ್ಲಿ ಪೂರ್ಣಯ್ಯ ಅಧಿಕಾರದಿಂದ ಇಳಿದಿದ್ದು, ಇಷ್ಟು ಕಂದಾಯ ತಂದೇ ತರುತ್ತೇವೆ ಎಂದು ಅಮಲ್ದಾರರು ಒಪ್ಪಿಕೊಳ್ಳುತ್ತಿದ್ದ ಷರತ್ತು ಪದ್ಧತಿ, ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರ ದಂಗೆ, ಕಂಪನಿಯ ಸ್ವಂತ ಲಾಭ. ಮಕ್ಕಳು ಚೀಟಿಗಳನ್ನು ಮುಖ್ಯವಾದದ್ದರಿಂದ ಸಣ್ಣದಕ್ಕೆ ಜೋಡಿಸಬೇಕು, ಯಾವುದು ಯಾವುದಕ್ಕೆ ದಾರಿ ಮಾಡಿತು ಎಂದು ಗೆರೆ ಎಳೆಯಬೇಕು.

ಗೈಡ್‌ನಲ್ಲಿ ಈ ಐದೂ ಕಾರಣ ಒಂದರ ಕೆಳಗೊಂದು ಸಮನಾಗಿ ನಿಂತಿರುತ್ತವೆ. ಚೀಟಿ ಕೈಗೆ ಬಂದಾಗ ದಂಗೆ ಒಂದು ಕಾರಣವಾ, ಇಲ್ಲ ಉಳಿದ ಕಾರಣಗಳ ಫಲವಾ ಎಂಬ ಜಗಳ ಶುರುವಾಗುತ್ತದೆ. ಆ ಜಗಳ ಬೇಕು. 1857ರ ಕಾರಣಗಳಿಗೂ ಇದನ್ನೇ ಮಾಡಿ. ಪರೀಕ್ಷೆಗೆ ನೇರವಾಗಿ ಉಪಯೋಗಕ್ಕೆ ಬರುವ ವಿಧಾನ ಇದು, ಯಾಕೆಂದರೆ ತಾನೇ ಜೋಡಿಸಿದ ಕಾರಣ ಮರೆಯುವುದಿಲ್ಲ.

ಚರ್ಚಾಸ್ಪರ್ಧೆಯೋ, ಎರಡೂ ಕಡೆಯ ವಾದವೋ

‘ಪರ–ವಿರೋಧ’ ಚರ್ಚೆಯನ್ನು ನಾನು ತರಗತಿಯಲ್ಲಿ ಬಹುಪಾಲು ಬಿಟ್ಟಿದ್ದೇನೆ. ಜೋರು ಬಾಯಿ ಇರುವ ನಾಲ್ಕು ಮಕ್ಕಳು ಮಾತಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಗೆಲ್ಲಬೇಕು ಅನ್ನುವ ಹಟದಲ್ಲಿ ಎದುರಿನವರ ಮಾತು ಕಿವಿಗೆ ಬೀಳುವುದಿಲ್ಲ. ಟಿಪ್ಪುವಿನಂಥ ವಿಷಯ ತಗೊಂಡರೆ ಮನೆಯಲ್ಲಿ ಕೇಳಿದ ಮಾತೇ ತರಗತಿಗೆ ಬಂದು ಬೀಳುತ್ತದೆ, ಮಕ್ಕಳ ಮನಸ್ಸು ಒಡೆಯುತ್ತದೆ. ಆ ವಿಷಯವನ್ನು ಆಧಾರದ ಮೂಲಕ ಮಾಡಿ, ಸ್ಪರ್ಧೆಯ ಮೂಲಕ ಬೇಡ.

ಇದರ ಬದಲು ಇನ್ನೊಂದು ಕ್ರಮ ಇದೆ. ಅಮೆರಿಕದ ಮಿನ್ನೆಸೋಟದ ಡೇವಿಡ್ ಮತ್ತು ರೋಜರ್ ಜಾನ್ಸನ್ ಎಂಬ ಸಹೋದರರು ರೂಪಿಸಿದ್ದು. ನಾಲ್ವರ ಗುಂಪು. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ವಾದ ಮಾಡಬೇಕು. ಆಮೇಲೆ ಕಡೆ ಬದಲಿಸಬೇಕು. ಕೊನೆಗೆ ಎರಡೂ ಕಡೆ ಬಿಟ್ಟು ನಾಲ್ವರೂ ಒಪ್ಪುವ ನಾಲ್ಕು ಸಾಲು ಬರೆಯಬೇಕು.

ಕೆಜಿಎಫ್ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ಅದು ಸರಿಯಾ? ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆಯುವ ಚಿನ್ನಕ್ಕಿಂತ ಖರ್ಚೇ ಜಾಸ್ತಿ ಆಗಿತ್ತು ಎಂಬುದು ಒಂದು ಕಡೆ. ಮನೆ, ಆಸ್ಪತ್ರೆ, ಸಂಬಳ ಎಲ್ಲವೂ ಗಣಿಯ ಮೇಲೇ ನಿಂತಿದ್ದ ಒಂದು ಊರು ಇನ್ನೊಂದು ಕಡೆ. ಕಡೆ ಬದಲಿಸುವ ಗಳಿಗೆಯಲ್ಲೇ ನಿಜವಾದ ಕಲಿಕೆ ಆಗುವುದು. ಹತ್ತು ನಿಮಿಷ ಮೊದಲು ತಾನೇ ಹೊಡೆದುಹಾಕಿದ ಮಾತನ್ನು ಈಗ ತಾನೇ ಎತ್ತಿ ನಿಲ್ಲಿಸಬೇಕು. ಎರಡು ಪೀರಿಯಡ್ ಬೇಕು. ನಾಲ್ವರಲ್ಲಿ ಸುಮ್ಮನೆ ಕೂರಲು ಯಾರಿಗೂ ಆಗುವುದಿಲ್ಲ, ಅದು ಇದರ ದೊಡ್ಡ ಗುಣ.

ನಾಟಕ, ಪಾತ್ರಾಭಿನಯ

ಮಕ್ಕಳಿಗೆ ಬಹಳ ಇಷ್ಟ. ಆದರೆ ಬಟ್ಟೆ, ಕಿರೀಟ, ಮಾತು ಬಾಯಿಪಾಠ ಮಾಡುವುದರಲ್ಲಿ ವಾರ ಕಳೆಯುತ್ತದೆ. ಯೋಚನೆ ಎಷ್ಟು ಎಂದು ಕೇಳಿದರೆ, ಬರೆದುಕೊಟ್ಟ ಮಾತು ಹೇಳಿದರೆ ಬಹಳ ಕಡಿಮೆ. ಮಾತು ಬರೆದುಕೊಡದೆ ಸನ್ನಿವೇಶ ಮಾತ್ರ ಕೊಟ್ಟರೆ ಜಾಸ್ತಿ. ‘ನೀನು ರೈತ, ಮಳೆ ಬಂದಿಲ್ಲ, ಕಂದಾಯದ ಅಧಿಕಾರಿ ಬಂದಿದ್ದಾನೆ. ನೀನು ಅಧಿಕಾರಿ, ಮೇಲಿನವರಿಗೆ ಲೆಕ್ಕ ಕೊಡಬೇಕು. ಮಾತಾಡಿ.’ ಇಷ್ಟು ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜಾತಿಯ ಅವಮಾನವನ್ನು ಮಕ್ಕಳಿಂದ ಅಭಿನಯ ಮಾಡಿಸಬೇಡಿ. ಅಸ್ಪೃಶ್ಯತೆಯ ಪಾಠಕ್ಕೆ ಯಾವುದೋ ಮಗುವನ್ನು ದೂರ ನಿಲ್ಲಿಸಿ ತೋರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಗು ಮನೆಗೆ ಏನು ಹೊತ್ತುಕೊಂಡು ಹೋಯಿತು ಎಂದು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಥ ಪಾಠಕ್ಕೆ ಪತ್ರ ಬರೆಸಿ, ಓದಿಸಿ, ಮಾತಾಡಿಸಿ. ಅಭಿನಯ ಬೇಡ.

ಹಂಚಿಕೊಂಡು ಕಲಿಯುವ ಗುಂಪು

ಜಿಗ್ಸಾ ಎಂದು ತರಬೇತಿಯಲ್ಲಿ ಹೇಳುತ್ತಾರೆ. ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರು ಮಾಡಿದ್ದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಕಲಿತವರು ಉಳಿದವರಿಗೆ ಕಲಿಸುವುದು. ಸುಧಾರಣಾ ಚಳವಳಿಗಳ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ: ಬ್ರಹ್ಮ ಸಮಾಜ, ಆರ್ಯ ಸಮಾಜ, ಸತ್ಯಶೋಧಕ ಸಮಾಜ, ಅಲಿಗಢ ಚಳವಳಿ. ಪೋರ್ಶನ್ ಬೇಗ ಮುಗಿಯುತ್ತದೆ. ಆದರೆ ಇದು ಹಂಚಿಕೆಯೇ ಹೊರತು ತಾನೇ ತಾನಾಗಿ ಚಿಂತನೆ ಅಲ್ಲ. ಕೊನೆಗೆ ‘ಇವುಗಳಲ್ಲಿ ಹೆಣ್ಣುಮಕ್ಕಳ ಓದಿಗೆ ಹೆಚ್ಚು ನೆರವಾದದ್ದು ಯಾವುದು?’ ಎಂಬಂಥ ಹೋಲಿಕೆಯ ಪ್ರಶ್ನೆ ಇಟ್ಟರೆ ಮಾತ್ರ ಮೇಲಿನ ಮೆಟ್ಟಿಲು ಹತ್ತುತ್ತದೆ.

ಮನೆಯ ಹಿರಿಯರನ್ನು ಕೇಳುವುದು

ಒಂದು ವರ್ಷಕ್ಕೆ ಒಂದೇ ಸಲ ಮಾಡಬಹುದು. ಆದರೆ ಮಕ್ಕಳು ಜೀವನಪೂರ್ತಿ ನೆನಪಿಡುವುದು ಇದನ್ನೇ. ಶಿಡ್ಲಘಟ್ಟ ಕಡೆ ರೇಷ್ಮೆ ಇದೆ: ನೂಲು ತೆಗೆಯುವ ಕೆಲಸ ತಾತನ ಕಾಲದಿಂದ ಹೇಗೆ ಬದಲಾಯಿತು? ಕೆಜಿಎಫ್‌ನಲ್ಲಿ ಗಣಿ ಇದೆ. ಎಲ್ಲ ಊರಿನಲ್ಲೂ ಕೆರೆ ಇದೆ: ಕೊನೆಯ ಸಲ ಕೋಡಿ ಹರಿದಿದ್ದು ಯಾವಾಗ, ಮೊದಲ ಬೋರ್‌ವೆಲ್ ಕೊರೆಸಿದ್ದು ಯಾರು? 1974ರ ಭೂಸುಧಾರಣೆ ಬಂದಾಗ ನಿಮ್ಮ ಮನೆಯವರು ಫಾರಂ 7, ಅಂದರೆ ಉಳುವ ಗೇಣಿದಾರರು ಭೂಮಿಯ ಹಕ್ಕು ಕೇಳುವ ಅರ್ಜಿ, ಹಾಕಿದರಾ? ಈ ಕೊನೆಯ ಪ್ರಶ್ನೆಯನ್ನು ಎಚ್ಚರಿಕೆಯಿಂದ ಕೇಳಿಸಿ. ಭೂಮಿ ಪಡೆದ ಮನೆಯ ಮಗುವೂ ಕಳೆದುಕೊಂಡ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಇರಬಹುದು. ಹೆಸರು ಬರೆಯುವುದು ಬೇಡ ಎಂದು ಮೊದಲೇ ಹೇಳಿ.

ಒಬ್ಬರನ್ನೇ ಕೇಳಿದರೆ ಅದು ಕಥೆ. ಇಬ್ಬರನ್ನು ಕೇಳಿ, ವ್ಯತ್ಯಾಸ ಗುರುತು ಮಾಡಿ, ಯಾಕೆ ವ್ಯತ್ಯಾಸ ಎಂದು ಬರೆದರೆ ಇತಿಹಾಸ. ಈ ನಿಯಮ ಇಲ್ಲದ ಪ್ರಾಜೆಕ್ಟು ಬರೀ ಬಣ್ಣದ ಹಾಳೆ, ಅಂಗಡಿಯಲ್ಲಿ ಸಿಗುವ ಚಿತ್ರ.

ತೆಲುಗು ಮನೆಮಾತಿನ ಮಕ್ಕಳಿಗೆ ಇದು ತೊಡಕು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಕಂಡಿಲ್ಲ. ಮಗು ಅವ್ವನನ್ನು (ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ) ತೆಲುಗಿನಲ್ಲಿ ಕೇಳುತ್ತದೆ, ಕನ್ನಡದಲ್ಲಿ ಬರೆಯುತ್ತದೆ. ಬಾಗೇಪಲ್ಲಿ ಕಡೆಯ ಒಬ್ಬ ಹುಡುಗ ಕೇಳಿದ: ‘ಅವ್ವ ಕರುವು ಅಂದಳು ಸಾರ್. ಅದನ್ನು ಬರ ಅಂತ ಬರೆಯಲಾ, ಹಸಿವು ಅಂತ ಬರೆಯಲಾ? ಮಳೆ ಬಂದಿತ್ತಂತೆ, ಆದರೂ ಊಟ ಇರಲಿಲ್ಲವಂತೆ.’ ಒಂದು ಪದಕ್ಕೆ ಅರ್ಥ ಹುಡುಕುತ್ತಾ ಆ ಹುಡುಗ ಬರಗಾಲಕ್ಕೂ ಬಡತನಕ್ಕೂ ಇರುವ ವ್ಯತ್ಯಾಸದವರೆಗೆ ಹೋಗಿದ್ದ. ಕೋಣೆಯಲ್ಲಿ ಬರೀ ಕನ್ನಡವೇ ಇದ್ದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಖರ್ಚಿಲ್ಲ. ಪೀರಿಯಡ್ ಮೂರು ಬೇಕು, ಉಳಿದದ್ದು ಮನೆಯಲ್ಲಿ. ತಿದ್ದುವುದಕ್ಕೆ ಮಾತ್ರ ನಿಮಗೆ ಬಹಳ ಹೊತ್ತು ಬೇಕು.

ಸ್ಥಳ ಭೇಟಿ

ಬಸ್ಸಿನ ಬಾಡಿಗೆ, ಅನುಮತಿ, ಊಟ, ಜವಾಬ್ದಾರಿ. ಎಲ್ಲಕ್ಕಿಂತ ದುಬಾರಿ ಇದೇ. ಕೆಲಸ ಕೊಡದೆ ಕರೆದುಕೊಂಡು ಹೋದರೆ ಮಕ್ಕಳು ಫೋಟೋ ತೆಗೆದುಕೊಂಡು ಬರುತ್ತಾರೆ ಅಷ್ಟೇ. ಕೆಲಸ ಕೊಟ್ಟರೆ ಇದಕ್ಕೆ ಸಮ ಯಾವುದೂ ಇಲ್ಲ.

ನಂದಿಯ ಭೋಗನಂದೀಶ್ವರ ಗುಡಿಗೆ ಹೋಗುವುದಾದರೆ ಒಂದೇ ಪ್ರಶ್ನೆ ಕೊಡಿ: ಈ ಗುಡಿಯಲ್ಲಿ ಯಾವ ಭಾಗ ಹಳೆಯದು, ಯಾವುದು ಆಮೇಲೆ ಸೇರಿದ್ದು, ಹೇಗೆ ಗೊತ್ತು? ಒಂಬತ್ತನೇ ಶತಮಾನದಿಂದ ಹಿಡಿದು ವಿಜಯನಗರದ ಕಾಲದವರೆಗೆ ಒಂದರ ಪಕ್ಕ ಒಂದು ಕಟ್ಟುತ್ತಾ ಬಂದ ಜಾಗ ಅದು. ಕಂಬ ಮುಟ್ಟಿ, ಕೆತ್ತನೆ ಹೋಲಿಸಿ ಮಕ್ಕಳೇ ಹೇಳಬೇಕು. ತಪ್ಪು ಹೇಳಲಿ, ಕಾರಣ ಕೊಡಲಿ. ಕೋಲಾರದವರಿಗೆ ಕೋಲಾರಮ್ಮನ ಗುಡಿಯ ಚೋಳರ ಶಾಸನ ಊರೊಳಗೇ ಇದೆ, ಬಸ್ಸೇ ಬೇಡ. ದುಡ್ಡಿಲ್ಲದ ಶಾಲೆಗೆ ಊರಿನ ಕೆರೆ ತೂಬು, ಕಲ್ಯಾಣಿ, ವೀರಗಲ್ಲು ಸಾಕು. ನಡೆದು ಹೋಗಿ, ಬಿಸಿಯೂಟದ ಹೊತ್ತಿಗೆ ವಾಪಸ್ ಬನ್ನಿ.

ಪರೀಕ್ಷೆಯ ಮಾತು

ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ 80 ಅಂಕ ಬರಹಕ್ಕೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ಕ್ಕೆ ಆಧಾರ ಓದು, ಹಿರಿಯರ ಸಂದರ್ಶನ, ನಾಲ್ವರ ವಾದ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಹೇಗೂ ಏನೋ ಒಂದು ಚಟುವಟಿಕೆ ಬರೆಯಲೇಬೇಕಲ್ವಾ? ಉಳಿದ 80ಕ್ಕೆ ಕಾರಣದ ಚೀಟಿ ಮತ್ತು ಒಳ್ಳೆಯ ಪ್ರಶ್ನೆ ಹೆಚ್ಚು ಸಹಾಯ ಮಾಡುತ್ತವೆ. ಕಡಿಮೆ ಅಂಕದ ಪ್ರಶ್ನೆಗೆ ಇಸವಿ, ಹೆಸರು ಬೇಕೇ ಬೇಕು. ಅದಕ್ಕೆ ವಾರಕ್ಕೊಂದು ಹತ್ತು ನಿಮಿಷದ ಬಾಯಿಪಾಠ ಇಟ್ಟುಕೊಂಡಿದ್ದೇನೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ.

ಯಾರಿಗೆ ಯಾವುದು

ಶಿಡ್ಲಘಟ್ಟದವರಿಗೆ ನಾನು ಹೇಳಿದ್ದು: ಅರವತ್ತು ಮಕ್ಕಳ ಹತ್ತನೇ ತರಗತಿಯಲ್ಲಿ ನಾಟಕಕ್ಕೂ ಭೇಟಿಗೂ ಹೋಗಬೇಡಿ. ದಿನಾ ಒಂದು ‘ಯಾಕೆ’ ಪ್ರಶ್ನೆ, ಐದು ಸೆಕೆಂಡ್ ಮೌನ, ಜೋಡಿ ಮಾತು. ಪ್ರತಿ ಪಾಠಕ್ಕೆ ಒಂದು ಸಲ ಕಾರಣದ ಚೀಟಿ, ಆರು ಮಕ್ಕಳಿಗೆ ಒಂದು ಕಟ್ಟು. ಇಡೀ ವರ್ಷಕ್ಕೆ ಎರಡೇ ಆಧಾರ, ಬೋರ್ಡಿನ ಮೇಲೆ. ಇಷ್ಟನ್ನು ನವೆಂಬರ್‌ವರೆಗೆ ಬಿಡದೆ ಮಾಡಿದರೆ ಸಾಕು, ಆಮೇಲೆ ರಿವಿಷನ್ ಇದ್ದೇ ಇದೆ.

ಕೋಲಾರದವರಿಗೆ ಸಲಕರಣೆ ಇದೆ, ಪೋಷಕರ ಒತ್ತಡವೂ ಇದೆ. ಅವರಿಗೆ ಆಧಾರ ಓದು, ನಾಲ್ವರ ವಾದ. ಸ್ಮಾರ್ಟ್ ಬೋರ್ಡಿನಲ್ಲಿ ವಿಡಿಯೋ ಹಾಕುವ ಬದಲು ಒಂದು ಶಾಸನದ ಫೋಟೋ ದೊಡ್ಡದು ಮಾಡಿ ಹಾಕಿ ಎಂದೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಮಗು ಬರೆದ ನಾಲ್ಕು ಸಾಲಿನ ತೀರ್ಮಾನವನ್ನೂ ಕೊಡಿ. ನನ್ನ ಅನುಭವದಲ್ಲಿ ಅಪ್ಪಂದಿರು ಅದನ್ನು ಎರಡು ಸಲ ಓದುತ್ತಾರೆ.

ಪಾವಗಡದ ಮೇಡಂಗೆ ಎಲ್ಲರಿಗಿಂತ ಹೆಚ್ಚು ಅವಕಾಶ ಇದೆ. ಚಿಕ್ಕ ತರಗತಿ, ಎಂಟನೇ ಕ್ಲಾಸು, ಬೋರ್ಡ್ ಪರೀಕ್ಷೆಗೆ ಇನ್ನೂ ಎರಡು ವರ್ಷ, ಎರಡು ಭಾಷೆ ಬರುವ ಮಕ್ಕಳು. ಊರಿನ ಕಲ್ಲಿನಿಂದ ಶುರು ಮಾಡಿ, ದಸರಾ ರಜೆಗೆ ಅವ್ವ ತಾತಂದಿರ ಕೆಲಸ ಕೊಡಿ ಎಂದು ಹೇಳಿದೆ. ಮೊನ್ನೆ ಫೋನ್ ಮಾಡಿದ್ದರು. ಬಸ್‌ಸ್ಟಾಪಿನ ಹಿಂದೆ, ಬೇಲಿಯಲ್ಲಿ ಅರ್ಧ ಮುಚ್ಚಿಹೋದ ವೀರಗಲ್ಲು ಸಿಕ್ಕಿದೆಯಂತೆ. ಮಕ್ಕಳು ನೀರು ಹಾಕಿ ಕೈಯಲ್ಲೇ ಮಣ್ಣು ತೊಳೆದರಂತೆ. ಕೆಳಗಿನ ಪಟ್ಟಿಯಲ್ಲಿ ಮೂರು ಹಸು ಕಂಡಿವೆ. ನಾಲ್ಕನೆಯದು ಹಸುವಾ ಕುದುರೆಯಾ ಎಂದು ಜಗಳ ನಡೆದಿದೆ, ಸೋಮವಾರ ಎರಡನೇ ಪೀರಿಯಡ್‌ಗೆ ಮತ್ತೆ ಹೋಗಿ ನೋಡುತ್ತಾರಂತೆ.